ಇರುವೆ ನುಗ್ಗದ ಪೆಟ್ಟಿಗೆ

ಕಂಪ್ಯೂಟರ್ ಮನೆಗೆ ಬರುವ ಮೊದಲೇ ಅದರ ಪೆಟ್ಟಿಗೆ ತಯಾರಾಗಿತ್ತು. ಕೂಸು ಹುಟ್ಟುವ ಮುಂಚೆ ತೊಟ್ಟಿಲು ಮಾಡಬಾರದು ಎಂದು ಹಿರಿಯರು ಹೇಳುತ್ತಾರೆ, ಸರಿ. ಕಂಪ್ಯೂಟರಿನ ವಿಷಯದಲ್ಲಿ ಅಂಥ ಶಾಸ್ತ್ರವನ್ನು ನನಗೆ ಯಾರೂ ಹೇಳಿರಲಿಲ್ಲ.

ನಾನು ಬಡಗಿ. ಏಳನೇ ಕ್ಲಾಸನ್ನು ಅರ್ಧಕ್ಕೇ ಬಿಟ್ಟು ಉಳಿ ಹಿಡಿದವನು. ಹೊಸನಗರದಲ್ಲಿ ನನ್ನದೇ ಶೆಡ್ಡಿದೆ. ತೀರ್ಥಹಳ್ಳಿ ಕಡೆ ನಾನು ಕೂರಿಸಿದ ಬಾಗಿಲುಗಳನ್ನು ನೀವು ಮುಚ್ಚಿದರೆ ದಢಾರ್ ಎನ್ನುವುದಿಲ್ಲ, ಹಾವು ಹುತ್ತಕ್ಕೆ ಹೋದ ಹಾಗೆ ಸುಮ್ಮನೆ ಹೋಗಿ ಚೌಕಟ್ಟಿನಲ್ಲಿ ಕೂರುತ್ತವೆ. ನಾನು ಸೇರಿಸಿದ ಎರಡು ಹಲಗೆಗಳ ಸಂದಿನಲ್ಲಿ ಬ್ಲೇಡು ತೂರುವುದಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವೇನೂ ಇಲ್ಲ. ಓದಿದವರು ತಮ್ಮ ಡಿಗ್ರಿಯನ್ನು ಗೋಡೆಗೆ ತೂಗು ಹಾಕುತ್ತಾರೆ, ನನ್ನದು ಊರ ಮನೆಗಳ ಬಾಗಿಲಲ್ಲೇ ತೂಗುತ್ತಿದೆ.

ಕಂಪ್ಯೂಟರ್ ಬೇಕಾದದ್ದು ನನಗಲ್ಲ, ನನ್ನ ಹೆಂಡತಿಗೆ. ಅವಳು ಮದುವೆ ಮನೆಗಳಲ್ಲಿ ಶಾಸ್ತ್ರದ ಹಾಡು ಹೇಳುವವಳು. ಎಣ್ಣೆ ಶಾಸ್ತ್ರ, ಹಸೆಗೆ ಕರೆಯುವುದು, ಆರತಿ, ಬೀಗರನ್ನು ಹಾಸ್ಯ ಮಾಡುವುದು, ಪ್ರತಿಯೊಂದಕ್ಕೂ ಅವಳ ಬಾಯಲ್ಲಿ ಹಾಡಿದೆ. ಊರಿಂದ ಹೊರಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ಕೆಲವರು, ‘ಅಕ್ಕಾ, ನಮ್ಗೂ ಕಲಿಸಿ, ವೀಡಿಯೋದಲ್ಲಿ ಕೂತ್ಕತೀವಿ’ ಎಂದು ಗಂಟುಬಿದ್ದರು. ಮನೆಯಲ್ಲಿದ್ದ ಒಂದೇ ಒಂದು ದೊಡ್ಡ ಫೋನು ನನ್ನ ಜೇಬಿನಲ್ಲಿ ಕೆಲಸಕ್ಕೆ ಹೋಗಿಬಿಡುತ್ತದೆ. ಅದು ಮನೆಯಲ್ಲಿದ್ದರೂ ಅಷ್ಟು ಜನರ ಮುಖ ಅದರಲ್ಲಿ ಅವರೆಕಾಳು ಚೆಲ್ಲಿದ ಹಾಗೆ ಕಾಣುತ್ತದೆ. ಯಾರು ಹಾಡುತ್ತಿದ್ದಾರೆ, ಯಾರು ಬರೀ ಬಾಯಿ ಆಡಿಸುತ್ತಿದ್ದಾರೆ ಎಂದು ಹಿಡಿಯುವುದು ಹೇಗೆ?

ಅವಳ ತಮ್ಮನಿಗೆ ಸಾಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಹಳೆಯದೊಂದನ್ನು ಸರಿಮಾಡಿ ಕೊಡುತ್ತೇನೆಂದ. ನಾನು ಫೋನು ಮಾಡಿ, ಅದರ ಉದ್ದ, ಅಗಲ, ಎತ್ತರ ಹೇಳು ಎಂದೆ.

"ಎಂತಕ್ಕೆ ಭಾವ?"

"ಮೇಜು ಮಾಡ್ತಿದೀನಿ."

"ಯಾವ್ದಾದ್ರೂ ಮೇಜಿನ ಮೇಲೆ ಕೂರ್ತದೆ ಮಾರಾಯ್ರೆ ಅದು."

"ಯಾವ್ದಾದ್ರೂ ಮೇಜಿನ ಮೇಲೆ ಕೂರ್ಲಿಕ್ಕೆ ನಿಮ್ಮನೆ ಕಂಪ್ಯೂಟರಾ ಅದು? ಬಡಗಿ ಮನೆಗೆ ಬರ್ತಾ ಇರೋದು. ಅಳತೆ ಹೇಳು."

ಅವನು ಅಳತೆ ಹೇಳಿದ, ನಾನು ಕೆಲಸ ಶುರು ಮಾಡಿದೆ.

ಮೇಜು ಎಂದದ್ದೇನೋ ನಿಜ. ಆದರೆ ನನ್ನ ಮನಸ್ಸಿನಲ್ಲಿದ್ದುದು ಕೋಟೆ. ನಮ್ಮ ಕಡೆ ವಿದ್ಯುತ್ತಿನ ಸಾಮಾನಿಗೆ ಶತ್ರುಗಳು ಒಬ್ಬಿಬ್ಬರಲ್ಲ. ನಮ್ಮ ಹಳೆಯ ಟೀವಿ ಹಾಳಾದದ್ದು ಹಲ್ಲಿಯಿಂದ. ರಿಪೇರಿಯವನು ಹಿಂಬದಿ ಬಿಚ್ಚಿದಾಗ ಒಳಗೆ ಮೊಟ್ಟೆ ಇಟ್ಟು ಸಂಸಾರ ಹೂಡಿತ್ತು. ಮಿಕ್ಸಿಯೊಳಗೆ ಇರುವೆ. ಟೇಪ್‌ರೆಕಾರ್ಡರಿನ ತೂತಿಗೆ ಕಣಜದ ಹುಳ ಮಣ್ಣು ಮೆತ್ತಿ ಮನೆ ಕಟ್ಟಿತ್ತು. ಇವೆಲ್ಲದರ ಮೇಲೆ ಮಳೆಗಾಲದ ಥಂಡಿ. ಆದ್ದರಿಂದ ಮೇಲೆ ಪರದೆ ಇಡಲು ಹಲಗೆ, ಕೆಳಗೆ ಸಿಪಿಯು ಡಬ್ಬ ಇಡಲು ಬಾಗಿಲಿರುವ ಗೂಡು ಎಂದು ಲೆಕ್ಕ ಹಾಕಿದೆ. ನಾಲ್ಕು ಮನೆ ಕೆಲಸದ ನಡುವೆ ಜೋಪಾನವಾಗಿ ಎತ್ತಿಟ್ಟುಕೊಂಡಿದ್ದ ಹಲಸಿನ ಹಲಗೆಯನ್ನು ಇದಕ್ಕೆ ಹಾಕಿದೆ. ಹಿಂಬದಿಗೆ ಒಂದೇ ಹಲಗೆ, ಜೋಡಿಸಿದ್ದಲ್ಲ. ಅಷ್ಟು ಅಗಲದ ಹಲಸು ಈಗ ಹುಡುಕಿದರೂ ಸಿಗುವುದಿಲ್ಲ. ಬಾಗಿಲಿನ ಅಂಚು ಒಳಹೊಕ್ಕು ಕೂರುವ ಹಾಗೆ ಸುತ್ತಲೂ ತೋಡು ಹೊಡೆದು ಕೂರಿಸಿದೆ. ವೈರು ಹೊರಬರುವ ತೂತಿಗೆ ಜೇನುಮೇಣ ತುಂಬಿದೆ. ಕೊನೆಗೆ ಪರೀಕ್ಷೆಗೆಂದು ಒಳಗೆ ಬೆಲ್ಲದ ತುಂಡಿಟ್ಟು ಬಾಗಿಲು ಹಾಕಿದೆ. ಮಾರನೇ ದಿನ ನೋಡಿದರೆ ಬೆಲ್ಲಕ್ಕೆ ಒಂದು ಇರುವೆಯೂ ಮುತ್ತಿರಲಿಲ್ಲ.

"ನೋಡು," ಎಂದೆ ಹೆಂಡತಿಗೆ.

"ಚೆನ್ನಾಗಿದೆ. ಬೆಲ್ಲ ಇಡ್ಲಿಕ್ಕಾದ್ರೂ ಆಗ್ತದೆ," ಎಂದಳು.

ಮಳೆ ಹಿಡಿಯುವ ಹೊತ್ತಿಗೆ ಕಂಪ್ಯೂಟರ್ ಬಂತು. ನಮ್ಮ ಕಡೆಯವರಿಗೆ ಇದು ಗೊತ್ತೇ ಇದೆ. ಮಳೆಗಾಲದಲ್ಲಿ ಬಟ್ಟೆಯ ಕಪಾಟಿನೊಳಗೆ ಒಂದು ಬಲ್ಬು ಉರಿಯುತ್ತಿರಬೇಕು. ಇಲ್ಲದಿದ್ದರೆ ರೇಷ್ಮೆ ಸೀರೆಗೆ ಬೂಷ್ಟು ಬರುತ್ತದೆ. ಸೀರೆಗೇ ಅಷ್ಟು ಉಪಚಾರ ಮಾಡುವವರು ಕಂಪ್ಯೂಟರಿಗೆ ಮಾಡಬೇಡವೇ? ಗೂಡಿನ ಮೂಲೆಗೆ ಹೋಲ್ಡರು ಹೊಡೆದು, ಬಿಸಿಯಾಗುವ ಹಳೇ ನಮೂನೆಯ ಬಲ್ಬನ್ನೇ ಹುಡುಕಿ ತಂದು ಹಾಕಿದೆ. ಈಗಿನ ಎಲ್‌ಇಡಿ ಬರೀ ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ಬಾಗಿಲು ಹಾಕಿದ ಮೇಲೆ ಕಂಪ್ಯೂಟರಿನ ಗುಂಯ್ ಎನ್ನುವ ಸದ್ದೂ ಅಡಗಿತು. ಶ್ರುತಿಗೆ ಅಡ್ಡಿಯಿಲ್ಲ ಎಂದು ಹೆಂಡತಿಗೂ ಖುಷಿಯಾಯಿತು. ಒಳ್ಳೆಯ ಬಾಣಂತಿ ಕೋಣೆಯ ಹಾಗಿತ್ತು ಗೂಡು, ಬೆಚ್ಚಗೆ, ಗಾಳಿ ಸೋಕದ ಹಾಗೆ.

ಮೊದಲನೇ ತರಗತಿ ಒಂದು ಭಾನುವಾರ ಮಧ್ಯಾಹ್ನ. ಹೆಂಡತಿ ಮಡಿಕೆ ಮುರಿಯದ ಸೀರೆ ಉಟ್ಟು ಕೂತಿದ್ದಳು. ಪರದೆಯ ಮೇಲೆ ಸಾಲಾಗಿ ಮುಖಗಳು, ಶಿವಮೊಗ್ಗದ್ದು, ದಾವಣಗೆರೆಯದು, ಇನ್ನೆಲ್ಲಿಯದೋ. ಅಮ್ಮ ಒಳಬಾಗಿಲ ಹತ್ತಿರ ಕೂತು ಬೀನ್ಸ್ ಮುರಿಯುತ್ತ ಕೇಳುತ್ತಿದ್ದಳು. ಒಳ್ಳೆಯದರಿಂದ ಶುರುವಾಗಲಿ ಎಂದು ಹೆಂಡತಿ ಆರತಿ ಹಾಡನ್ನೇ ಎತ್ತಿಕೊಂಡಳು. ಒಂದು ಸಾಲು ಇವಳದು, ಒಂದು ಸಾಲು ಅವರದು. ನಾನು ಬಾಗಿಲಲ್ಲಿ ನಿಂತು ಹಾಡನ್ನು ಕೇಳುತ್ತಿದ್ದೆನೋ ಮೇಜನ್ನು ನೋಡುತ್ತಿದ್ದೆನೋ ಹೇಳುವುದು ಕಷ್ಟ.

ಹಾಡು ಇನ್ನೇನು ತಟ್ಟೆ ಎತ್ತುವ ಸಾಲಿಗೆ ಬಂದಿತ್ತು. ಪರದೆ ಪಟ್ಟೆಂದು ಕಪ್ಪಾಯಿತು. ಕರೆಂಟು ಹೋಗಿರಲಿಲ್ಲ, ಫ್ಯಾನು ತಿರುಗುತ್ತಿತ್ತು.

ಆರತಿ ಹಾಡನ್ನು ಅರ್ಧಕ್ಕೆ ಬಿಡಬಾರದು. ಮದುವೆ ಮನೆಯಲ್ಲಿ ಆರತಿ ಎತ್ತುವ ಹೊತ್ತಿಗೆ ಸೂರಿಗೆ ಬೆಂಕಿ ಬಿದ್ದರೂ ಹಾಡು ಮುಗಿಸಿಯೇ ಹೆಂಗಸರು ನೀರು ತರಲು ಹೋಗುತ್ತಾರೆ. ಹೆಂಡತಿ ಕಣ್ಣು ಮುಚ್ಚಿಕೊಂಡು ಆ ಕಪ್ಪು ಪರದೆಗೇ ಮಿಕ್ಕ ಸಾಲುಗಳನ್ನು ಹಾಡಿ, ಕೈಮುಗಿದು ಎದ್ದಳು. ಆ ಕಡೆಯವರು ಇದನ್ನು ಕೇಳಲಿಲ್ಲವಲ್ಲ. ಅವರ ಪಾಲಿಗೆ ಆರತಿ ಅಲ್ಲಿಗೇ ನಿಂತಿತ್ತು.

ನಾನು ಸಾಗರಕ್ಕೆ ಫೋನು ಹಚ್ಚಿದೆ.

"ಪ್ಲಗ್ಗು ಸರಿಯಾಗಿ ಕೂತಿದೆಯಾ ಭಾವ?" ಎಂದ ಬಾಮೈದ.

"ನಾನು ಕೂರ್ಸಿದ್ದು."

"ನೀವು ಕೂರ್ಸಿದ್ದು ಬಾಗ್ಲು. ಪ್ಲಗ್ಗು ಅಲ್ಲಾಡ್ತದಾ ನೋಡಿ."

ಅಲ್ಲಾಡುತ್ತಿರಲಿಲ್ಲ. ಎಕ್ಸ್‌ಟೆನ್ಶನ್ ಬೋರ್ಡು ಬಿಟ್ಟು ನೇರ ಗೋಡೆಗೇ ಹಾಕಿ ನೋಡಿ ಎಂದ, ಹಾಕಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚಾಲೂ ಮಾಡಿ ಎಂದ. ಚಾಲೂ ಆಯಿತು, ಏನೂ ಆಗದವರ ಹಾಗೆ. ಕ್ಲಾಸಿಗೆ ಚಕ್ಕರ್ ಹಾಕಿ ಬಂದು ಮನೆಯಲ್ಲಿ ನಗುತ್ತ ನಿಂತ ಹುಡುಗರ ಮುಖ ನನಗೆ ಗೊತ್ತು. ನಾನೇ ಅಂಥವನಾಗಿದ್ದೆ.

ಮುಂದಿನ ತರಗತಿಯಲ್ಲೂ ಅದೇ ಕಥೆ. ಅದರ ಮುಂದಿನದರಲ್ಲೂ ಅದೇ. ಹಾಡಿನ ಗತ್ತು ಏರುವವರೆಗೆ ಸುಮ್ಮನಿದ್ದು, ಏರಿದ ಮೇಲೆ ಪಟ್. ಬಾಮೈದ ಫೋನಿನಲ್ಲೇ ನನಗೆ ಒಂದೊಂದಾಗಿ ವಿದ್ಯೆ ಹೇಳಿಕೊಟ್ಟ. ನಾನು ಕೆಲಸಕ್ಕೆ ಹೆದರುವವನಲ್ಲ, ಅವನು ಹೇಳಿದ್ದನ್ನೆಲ್ಲ ಮಾಡಿದೆ. ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ಡಬ್ಬದ ಮಗ್ಗುಲು ಬಿಚ್ಚಿ, ವಾರ್ನಿಶಿಗೆಂದು ತಂದ ಹೊಸ ಬ್ರಶ್ಶಿನಿಂದ ಧೂಳು ಕೊಡವಿದೆ. ಕೀಬೋರ್ಡನ್ನು ಬೋರಲು ಹಾಕಿ ತಟ್ಟಿದೆ. ಅವಲಕ್ಕಿ ಉದುರಿತು. ನಾನು ತಿಂದದ್ದಲ್ಲ ಎಂದು ಮೂವರೂ ಹೇಳಿದೆವು. ವೈರಸ್ ಹುಡುಕುವುದನ್ನು ಓಡಿಸಿದೆ. ಅದು ಹುಡುಕುತ್ತ ಹುಡುಕುತ್ತಲೇ ಪಟ್ ಎಂದಿತು.

"ರ‍್ಯಾಮ್ ಅಂತ ಒಂದು ಪಟ್ಟಿ ಇರ್ತದೆ. ಅದನ್ನ ನಿಧಾನಕ್ಕೆ ಕೀಳಿ. ಅದ್ರ ಹಲ್ಲಿನ ಹತ್ರ ಪೆನ್ಸಿಲ್ ರಬ್ಬರ್‌ನಲ್ಲಿ ಉಜ್ಜಿ, ಮತ್ತೆ ಕೂರ್ಸಿ," ಎಂದ.

"ತಮಾಷೆ ಮಾಡ್ತೀಯನಾ?"

"ದೇವ್ರಾಣೆ ಭಾವ. ನಾವೆಲ್ಲ ಹಂಗೇ ಮಾಡದು."

ಪೇಟೆಗೆ ಹೋಗಿ ರಬ್ಬರು ತಂದೆ. ಶಾಲೆ ಬಿಟ್ಟ ಮೇಲೆ ನಾನು ರಬ್ಬರು ಹಿಡಿದದ್ದು ಅವತ್ತೇ. ಅಷ್ಟು ಶ್ರದ್ಧೆಯಿಂದ ಆಗ ಉಜ್ಜಿದ್ದರೆ ಮೇಷ್ಟ್ರು ಸಂತೋಷಕ್ಕೆ ಏನಾಗುತ್ತಿದ್ದರೋ. ಪಟ್ಟಿ ಫಳಫಳ ಹೊಳೆಯಿತು, ಟಕ್ ಎಂದು ಸ್ವಸ್ಥಾನದಲ್ಲಿ ಕೂತಿತು. ಬುಧವಾರದ ತರಗತಿಯಲ್ಲಿ, ಬೀಗರ ಹಾಡಿನ ನಡುವೆ, ಗಂಡಿನ ಸೋದರಮಾವನ ಹೊಟ್ಟೆಯ ವರ್ಣನೆ ನಡೆಯುತ್ತಿದ್ದಾಗ ಪಟ್.

"ಗಾಳಿ ಆಡೋ ಜಾಗದಲ್ಲೇ ಇಟ್ಟಿದೀರಲ್ಲ?" ಎಂದು ಬಾಮೈದ ಒಮ್ಮೆ ಕೇಳಿದ್ದ.

"ನಮ್ಮ ಹಜಾರಕ್ಕೆ ಬರೋ ಗಾಳಿಗೆ ಕ್ಯಾಲೆಂಡರ್ ಹಾರಿ ಅಡುಗೆಮನೆಗೆ ಹೋಗ್ತದೆ ಮಾರಾಯ," ಎಂದಿದ್ದೆ. ಹಜಾರದ ಮಟ್ಟಿಗೆ ಅದು ಪೂರ್ತಿ ಸತ್ಯ.

ಕೊನೆಗೆ ಅವನು, ‘ತಂದ್ಬಿಡಿ ಇಲ್ಲಿಗೆ’ ಎಂದ. ಸಿಪಿಯು ಡಬ್ಬಕ್ಕೆ ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ಹಾಸುಗಂಬಳಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಸಾಗರದ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಅಜ್ಜಿ, ‘ಎಂತ ಮಗಾ, ಹಾರ್ಮೋನಿಯಮ್ಮಾ?’ ಎಂದು ಕೇಳಿದಳು. ಹಾಡಿನ ವಿಷಯವೇ ಆದ್ದರಿಂದ ಹೌದು ಎಂದೆ.

ಬಾಮೈದ ಅದನ್ನು ಅಂಗಡಿಯ ಮೇಜಿನ ಮೇಲಿಟ್ಟು, ಮಗ್ಗುಲು ಬಿಚ್ಚಿ, ಒಳಗಿನ ಸಣ್ಣ ಫ್ಯಾನು ತೆಗೆದು ಉಜ್ಜಿ, ಅದರಡಿಗೆ ಬಿಳಿ ಮುಲಾಮು ಬದಲಿಸಿ, ಚಾಲೂ ಮಾಡಿ ಬಿಟ್ಟ. ಬೆಳಿಗ್ಗೆ ಚಾಲೂ ಮಾಡಿದ್ದು ಅಂಗಡಿ ಮುಚ್ಚುವ ಹೊತ್ತಿಗೂ ಕೆಮ್ಮಲಿಲ್ಲ. ನಾನು ಎದುರು ಕೂತು ದಿಟ್ಟಿಸುತ್ತಿದ್ದೆ. ಆರು ನೋಡೋಣ, ಆರು, ಎಂದು ಮನಸ್ಸಿನಲ್ಲೇ ಬೈಯುತ್ತಿದ್ದೆ. ಆರಲಿಲ್ಲ.

"ಕಂಪ್ಯೂಟರ್‌ಗೆ ಎಂತದೂ ಆಗಿಲ್ಲ ಭಾವ. ನಿಮ್ಮನೇಗೇ ಏನೋ ಆಗಿದೆ."

"ನಮ್ಮನೇಗೆ ಎಂತ ಆಗ್ತದೆ? ಕಟ್ಟಿದ್ದು ನಾನು."

"ಅದಕ್ಕೇ ಹೇಳಿದ್ದು," ಎಂದು ನಕ್ಕು ಓಡಿದ. ಭಾವ-ಬಾಮೈದರ ಸಲಿಗೆ, ಹಿಡಿದು ಹೊಡೆಯುವ ಹಾಗೂ ಇಲ್ಲ.

ಮನೆಗೆ ತಂದು, ಗೂಡಿನೊಳಗಿಟ್ಟು, ಬಲ್ಬು ಹಾಕಿ, ಬಾಗಿಲು ಮುಚ್ಚಿದೆ. ತರಗತಿ ಶುರುವಾಯಿತು. ಪಟ್.

"ದೃಷ್ಟಿ," ಎಂದಳು ಅಮ್ಮ. "ಊರೋರೆಲ್ಲ ಬಂದು ಮೇಜು ನೋಡಿ ಹೋದ್ರಲ್ಲ. ಆ ಮೇಲಿನ ಮನೆಯವ್ಳು ನೋಡಿದ್ ನೋಟ ಇತ್ತಲ್ಲ, ತೆಂಗಿನಕಾಯಿ ಆದ್ರೂ ಬಿರೀಬೇಕು." ಗೂಡಿನ ಹಿಡಿಕೆಗೆ ನಿಂಬೆಹಣ್ಣು, ಮೆಣಸಿನಕಾಯಿ ಬಂದು ಕೂತವು. ಮೇಜಿಗೆ ದೃಷ್ಟಿ ಬಿದ್ದಿದೆ ಎಂಬುದು ಕೇಳಲು ಹಿತವಾಗಿಯೇ ಇತ್ತು. ನಾನು ತೆಗೆಯಲಿಲ್ಲ.

ಆದರೆ ಹೆಂಡತಿಗೆ ಇದು ತಮಾಷೆಯಾಗಿ ಉಳಿದಿರಲಿಲ್ಲ. ಶಿವಮೊಗ್ಗದ ಹುಡುಗಿಯೊಬ್ಬಳು ತನ್ನ ನಾದಿನಿಯ ಮದುವೆಗೆಂದು ಹಾಡು ಕಲಿಯುತ್ತಿದ್ದಳು. ಅವಳ ಅತ್ತೆ ಒಳಗಿನಿಂದ ಕಿವಿಗೊಟ್ಟಿದ್ದಾರೆ. ಪ್ರತಿ ಸಲವೂ ಹಾಡು ಅರ್ಧಕ್ಕೆ ನಿಲ್ಲುತ್ತಿದೆ, ಅದೂ ಮದುವೆ ಎದುರಿಗಿರುವಾಗ. ಶನಿವಾರ ಬೆಳಿಗ್ಗೆ ಆ ಹುಡುಗಿ ಫೋನು ಮಾಡಿ ಅಳುದನಿಯಲ್ಲಿ, ‘ಅಕ್ಕಾ, ನಾಳೇನೂ ಆರತಿ ನಿಂತ್ರೆ ಬೇರೆಯೋರ ಹತ್ರ ಕಲಿ ಅಂತಿದಾರೆ ಅತ್ತೆ. ನಾಳೆ ಅವ್ರೂ ಬಂದು ಪಕ್ಕ ಕೂರ್ತಾರಂತೆ’ ಎಂದಳು.

ಹೆಂಡತಿ ಫೋನಿಟ್ಟು ಗೂಡಿನ ಹಿಡಿಕೆಯ ನಿಂಬೆಹಣ್ಣನ್ನು ನೋಡಿದಳು. ಆಮೇಲೆ ಹೇಳಿದಳು: "ನಾಳೆ ನಿಂತ್ರೆ ನಾನು ಇದನ್ನ ಬಿಟ್ಬಿಡ್ತೀನಿ ಕಣ್ರೀ. ಎಷ್ಟು ಮದುವೆ ಮನೇಲಿ ಹಾಡಿದೀನಿ, ಒಂದು ಸಾಲು ನಿಲ್ಸಿಲ್ಲ. ಆರತಿ ಅರ್ಧ ಮಾಡೋಳು ಅಂತ ಹೆಸರು ತಗಂಡು ನಾನು ಯಾರ ಚಪ್ಪರದಡಿ ಹೋಗ್ಲಿ?"

ಅವಳು ನನ್ನನ್ನು ಬೈದಿದ್ದರೆ ಒಳ್ಳೆಯದಿತ್ತು. ಬೈಯಲಿಲ್ಲ. ನಾನು ಉಪಕರಣದ ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೋದೆ.

ಮಳೆಗಾಲದಲ್ಲಿ ಬಡಗಿಗೆ ಒಂದೇ ಕೆಲಸ. ಮರ ನೀರು ಕುಡಿದು ಉಬ್ಬುತ್ತದೆ, ಬಾಗಿಲುಗಳು ಚೌಕಟ್ಟಿಗೆ ಕಚ್ಚಿಕೊಳ್ಳುತ್ತವೆ, ಜನ ಫೋನು ಮಾಡುತ್ತಾರೆ. ಅವತ್ತು ತೀರ್ಥಹಳ್ಳಿಯಲ್ಲಿ ಮನೆಯಿಂದ ಮನೆಗೆ ಹೋಗಿ ಬಾಗಿಲ ಅಂಚು ಹೆರೆದದ್ದೇ ಕೆಲಸ. ಒಬ್ಬರ ಮನೆಯಲ್ಲಿ ಯಜಮಾನರು ಬಚ್ಚಲಲ್ಲೇ ಸಿಕ್ಕಿಕೊಂಡಿದ್ದರು. ಬಾಗಿಲಾಚೆಯಿಂದ ಅವರು, ‘ಬೇಗ ಮಾರಾಯ, ನೀರು ತಣ್ಣಗಾಯ್ತು’ ಎನ್ನುತ್ತಿದ್ದರು. ಸಂಜೆ ಮನೆ ಸೇರಿದಾಗ ನನ್ನ ಸ್ವಂತ ಅಡುಗೆಮನೆಯ ಬಾಗಿಲು ಕಚ್ಚಿಕೊಂಡಿತ್ತು. ಹೆಂಡತಿ ಭುಜ ಕೊಟ್ಟು ನೂಕುತ್ತಿದ್ದಳು. ಒಳಗಿನಿಂದ ಅಮ್ಮ ಒದೆಯುತ್ತಿದ್ದಳು.

"ತೀರ್ಥಳ್ಳಿ ಬಾಗ್ಲೆಲ್ಲ ರಿಪೇರಿ ಆಯ್ತಾ ದೊರೆ?" ಎಂದು ಅಮ್ಮ ಬಾಗಿಲ ಹಿಂದಿನಿಂದ ಕೇಳಿದಳು. "ನಮ್ಮನೇದೂ ಒಂದು ಉಂಟು. ಪುರುಸೊತ್ತಾದ್ರೆ ಬಾ."

ಬಾಗಿಲು ಬಿಡಿಸಿದ್ದಾಯಿತು. ಆದರೆ ಮಾತು ಚುಚ್ಚಿತ್ತು. "ಮಳೆಗಾಲಕ್ಕೆ ಕಚ್ಚದೇ ಇರೋ ಬಾಗ್ಲು ಲೋಕದಲ್ಲೇ ಇಲ್ಲ," ಎಂದೆ. ಹೇಳಿದ ಮೇಲೆ ನೆನಪಾಯಿತು, ಒಂದಿದೆ. ಹಜಾರಕ್ಕೆ ಇಬ್ಬರನ್ನೂ ಕರೆದುಕೊಂಡು ಬಂದೆ. "ಇದನ್ನ ನೋಡಿ. ಮೇಜಿನ ಗೂಡು. ಊರಲ್ಲಿರೋ ಬಾಗ್ಲೆಲ್ಲ ಉಬ್ಬಿ ಕೂತಿವೆ. ಇದು ನೋಡಿ, ಒಂದು ಬೆರಳು."

ಕಿರುಬೆರಳಿನಿಂದ ಎಳೆದೆ. ಬಾಗಿಲು ನಗುನಗುತ್ತ ಬಂತು. ಮುಚ್ಚಿದೆ, ಮತ್ತೆ ಎಳೆದೆ. ಮೂರನೇ ಸಲ ಮುಚ್ಚುವಾಗ ನನ್ನ ಕೈ ನಿಂತಿತು.

ಬಾಗಿಲಿಗೂ ಚೌಕಟ್ಟಿಗೂ ನಡುವೆ ಸಂದು ಕಾಣುತ್ತಿತ್ತು. ಬ್ಲೇಡು ತೂರದ ಹಾಗೆ ನಾನು ಕೂರಿಸಿದ ಬಾಗಿಲು. ಈಗ ಅಲ್ಲಿ ಉಗುರು ಹೋಗುತ್ತಿತ್ತು. ಶಿವರಾತ್ರಿ ಕಳೆದ ಮೇಲೆ, ಚೈತ್ರದ ಬಿಸಿಲು ನೆತ್ತಿ ಸುಡುವಾಗ ಹಲಸು ಒಣಗಿ ಹೀಗೆ ಕುಗ್ಗುತ್ತದೆ. ಹೊರಗೆ ಜಡಿಮಳೆ, ಮನೆಯ ಬಾಗಿಲೆಲ್ಲ ಉಬ್ಬಿವೆ. ಇದೊಂದಕ್ಕೆ ಮಾತ್ರ ಚೈತ್ರ ಎಲ್ಲಿಂದ ಬಂತು?

ಒಳಗೆ ಕೈ ಹಾಕಿದೆ. ಒಲೆಯ ಮೇಲಿನ ಅಟ್ಟಕ್ಕೆ ಕೈ ಹಾಕಿದ ಹಾಗಾಯಿತು. ಬಲ್ಬು ಉರಿಯುತ್ತಿತ್ತು, ನಾಳೆಯ ಪರೀಕ್ಷೆಗೆಂದು ಹೆಂಡತಿ ಚಾಲೂ ಮಾಡಿಟ್ಟಿದ್ದ ಕಂಪ್ಯೂಟರ್ ತನ್ನ ಬಿಸಿಯುಸಿರನ್ನು ತಾನೇ ಕುಡಿಯುತ್ತ ಕೂತಿತ್ತು. ಅದರ ನೆತ್ತಿಯ ಮೇಲೆ ಒಂದು ಸ್ಟೀಲಿನ ತಟ್ಟೆ ಇತ್ತು, ತಟ್ಟೆಯ ಮೇಲೆ ಬಾಳೆಎಲೆ, ಎಲೆಯ ಮೇಲೆ ಸಾಲಾಗಿ ಹಲಸಿನ ಹಪ್ಪಳ.

"ಅಯ್ಯೋ, ಅದನ್ನ ಮುಟ್ಬ್ಯಾಡ ಮಗಾ," ಎಂದಳು ಅಮ್ಮ. "ಇನ್ನೂ ಒಂದು ಬದಿ ಒಣಗ್ಬೇಕು."

ನಾನು ಒಂದು ಹಪ್ಪಳ ಎತ್ತಿ ಬೆಳಕಿಗೆ ಹಿಡಿದೆ.

"ಎಷ್ಟು ದಿನದಿಂದ?" ಎಂದೆ.

"ಶುರುವಿಂದ. ನೀನು ಅದನ್ನ ಬಿಚ್ಚೋ ಹೊತ್ತಿಗೆ ತೆಗ್ದಿಡ್ತಿದ್ದೆ. ಈ ಮಳೇಲಿ ಹಪ್ಪಳ ಎಲ್ಲಿ ಒಣಗ್ಸಲಿ? ನಿನ್ನ ಮೇಜು ಒಳ್ಳೇದಾಗಿದೆ, ಎರಡೇ ದಿನಕ್ಕೆ ಗರಿಗರಿ ಆಗ್ತದೆ. ಬಿಸಿಲೂ ಹಿಂಗೆ ಒಣಗ್ಸಲ್ಲ. ಹೊಗಳಣಾಂತಿದ್ದೆ, ನೀನು ಉಬ್ಬಿಹೋಗ್ತೀಯ ಅಂತ ಸುಮ್ನಿದ್ದೆ."

ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಾಳೆಂದುಕೊಂಡೆ. ಭುಜ ಕುಲುಕುವುದು ನೋಡಿದ ಮೇಲೆ ನಗುವೆಂದು ತಿಳಿಯಿತು.

ಬಾಮೈದನಿಗೆ ಫೋನು ಮಾಡಿದೆ. ಗೂಡು, ಬಾಗಿಲು, ಜೇನುಮೇಣ, ಎಲ್ಲ ವಿವರಿಸಿದೆ.  

"ಭಾವ," ಎಂದ, "ನೀವು ಮೇಜು ಅಂದಿದ್ರಿ."

"ಮೇಜೇ."

"ಅದು ಬಿಸಿ ಆದ್ರೆ ತನ್ನ ಜೀವ ಉಳಿಸ್ಕಳ್ಳಕ್ಕೆ ತಾನೇ ಆರ್ತದೆ. ಹಿಂದೆ ಗಾಳಿ ಹೋಗ್ಬೇಕು, ಮುಂದಿಂದ ಗಾಳಿ ಬರ್ಬೇಕು. ನೀವು ಅದನ್ನ ಡಬ್ಬಿಲಿಟ್ಟು ಮುಚ್ಚಳ ಹಾಕಿದೀರಿ. ಒಳಗೆ ಬಲ್ಬೂ ಉಂಟಾ?"

"ಉಂಟು. ಥಂಡಿಗೆ."

"ಇನ್ನೇನಾದ್ರೂ ಉಂಟಾ?"

"ಹಪ್ಪಳ. ಅದು ಅಮ್ಮಂದು, ನಂದಲ್ಲ."

ಅವನು ಫೋನನ್ನು ಎಲ್ಲೋ ದೂರ ಹಿಡಿದುಕೊಂಡು ನಗುವುದು ಕೇಳಿಸಿತು. ಅಂಗಡಿಯಲ್ಲಿದ್ದ ಗಿರಾಕಿಗಳಿಗೂ ಹೇಳಿರಬೇಕು, ನಗುವ ದನಿಗಳು ಹೆಚ್ಚಾದವು. ನಕ್ಕು ಮುಗಿಸಿ, "ಸುಮ್ನೆ ಹೊರಗೆ ತೆಗ್ದು ಸ್ಟೂಲಿನ ಮೇಲೆ ಇಡಿ ಭಾವ, ನಾಳೆ ಎಂತದೂ ಆಗಲ್ಲ," ಎಂದ.

ಸ್ಟೂಲಿನ ಮೇಲೆ! ನನ್ನ ಮೇಜು ಖಾಲಿ ಹೊಟ್ಟೆಯಲ್ಲಿ ನಿಂತಿರಬೇಕು, ಅದರ ಪಕ್ಕದಲ್ಲಿ ಪೇಟೆಯ ಪ್ಲಾಸ್ಟಿಕ್ ಸ್ಟೂಲು ಕಂಪ್ಯೂಟರನ್ನು ಹೊತ್ತು ಮೆರೆಯಬೇಕು. ಊರವರು ಬಂದು ನೋಡಬೇಕು. ಅದಕ್ಕಿಂತ ನಾನು ಮೈಸೂರಿಗೆ ಹೋಗಿ ಪ್ಲೈವುಡ್ ಅಂಗಡಿಯಲ್ಲಿ ಕೂಲಿಗೆ ಸೇರುತ್ತೇನೆ.

ಭಾನುವಾರ ಬೆಳಿಗ್ಗೆ ಮೇಜನ್ನು ಗೋಡೆಯಿಂದ ಈಚೆ ಎಳೆದು ಅದರ ಬೆನ್ನಿನ ಎದುರು ಕೂತೆ. ಒಂದೇ ಹಲಗೆ. ಒಂದೂ ಗಂಟಿಲ್ಲ, ಜೇನಿನ ಬಣ್ಣ, ಗೆರೆಗಳು ಮಳೆನೀರಿನ ಹಾಗೆ ಮೇಲಿಂದ ಕೆಳಕ್ಕೆ ಇಳಿದಿವೆ. ಬೈರಿಗೆಯ ಮೊನೆಯನ್ನು ಅದರ ಮೇಲಿಟ್ಟೆ. ತೆಗೆದೆ. ಮತ್ತೆ ಇಟ್ಟೆ. ಹೆಂಡತಿ ಹಿಂದೆ ಬಂದು ನಿಂತದ್ದು ಗೊತ್ತಾಯಿತು.

"ಬ್ಯಾಡ ಬಿಡಿ," ಎಂದಳು ಮೆತ್ತಗೆ. "ಸ್ಟೂಲಿನ ಮೇಲೇ ಇಡಣ. ನಂಗೇನು ಬೇಜಾರಿಲ್ಲ."

ಅವಳು ಹಾಗೆ ಹೇಳಬಾರದಿತ್ತು. ಬೈರಿಗೆಯನ್ನು ಒತ್ತಿ ತಿರುಗಿಸಿಯೇಬಿಟ್ಟೆ. ಹಳದಿ ಹೊಟ್ಟು ಸುರುಳಿಯಾಗಿ ಈಚೆ ಬಂದು ತೊಡೆಯ ಮೇಲೆ ಬಿತ್ತು. ಒಂದು ತೂತು ಬಿದ್ದ ಮೇಲೆ ಮನಸ್ಸು ಹಗುರಾಯಿತು. ಹೇಗೂ ಕೊರೆಯುವುದು, ಕೊರೆದದ್ದು ಕೊರೆದ ಹಾಗೆ ಕಾಣಬಾರದು. ಅಂಗಳದಲ್ಲಿ ಹೆಂಡತಿ ಇಡುವ ಚುಕ್ಕಿ ರಂಗೋಲಿಯ ಲೆಕ್ಕವನ್ನೇ ಹಿಡಿದು ಸಾಲು ಬಿಟ್ಟು ಸಾಲು ತೂತು ಕೊರೆದು, ನಡುವೆ ಸಣ್ಣ ಉಳಿಯಿಂದ ದಳ ಬಿಡಿಸಿದೆ. ಮುಂದಿನ ಬಾಗಿಲಿನ ಕೆಳಗೂ ಅಂಥದೇ ಒಂದು ಪಟ್ಟಿ. ಬಲ್ಬಿನ ಹೋಲ್ಡರು ಕಿತ್ತೆ. ತಾನೇ ಬಿಸಿಯಾಗುವ ವಸ್ತುವಿಗೆ ಬೆಂಕಿ ಕಾಯಿಸುವ ಉಪಚಾರ ಏಕೆ? ಇರುವೆ, ಹಲ್ಲಿ ಬಾರದಂತೆ ಒಳಗಿನಿಂದ ಸಣ್ಣ ಕಣ್ಣಿನ ಜಾಲರಿ ಹೊಡೆದೆ. ಜಾಲರಿ ಎಲ್ಲಿಂದ ತರುವುದೆಂದು ಅತ್ತಿತ್ತ ನೋಡುತ್ತಿದ್ದಾಗ ಅಮ್ಮನೇ ಅಡುಗೆಮನೆಯ ಹಳೇ ಹಾಲಿನ ಕಪಾಟಿನಿಂದ ಕಿತ್ತು ತಂದುಕೊಟ್ಟಳು.

"ಹಾಲು ಕೆಡಬಾರ್ದು, ಗಾಳಿ ಆಡ್ಬೇಕು, ಇರುವೆ ಬರಬಾರ್ದು ಅಂತ ನಿನ್ನ ಅಪ್ಪ ಮಾಡಿದ್ದು ಇದು," ಎಂದಳು. "ಅವ್ರೂ ಶಾಲೆಗೆ ಹೋದೋರಲ್ಲ."

"ಕಂಪ್ಯೂಟರು ಹಾಲಲ್ಲ," ಎಂದೆ.

"ಹೌದೌದು. ಹಾಲಾದ್ರೆ ಇಷ್ಟೊತ್ತಿಗೆ ಉಕ್ಕಿರೋದು."

ಹಪ್ಪಳ ಅಡುಗೆಮನೆಯ ಅಟ್ಟಕ್ಕೆ ಹೋಯಿತು. ಹೋಗುವಾಗ ನನ್ನ ಕಡೆ ನೋಡಿದ ಹಾಗಿತ್ತು. ಮೇಜನ್ನು ಗೋಡೆಗೆ ಅಂಟಿಸದೆ, ನಡುವೆ ಒಂದು ಮೊಳ ಬಿಟ್ಟು ನಿಲ್ಲಿಸಿದೆ. ಇಷ್ಟಾದರೂ ಒಂದು ಮಾತು. ನನ್ನ ಪೆಟ್ಟಿಗೆಯಲ್ಲಿ ದೋಷವಿರಲಿಲ್ಲ. ಇರುವೆ ಬಾರದ ಹಾಗೆ ಮಾಡಿದ್ದೆ, ಬರಲಿಲ್ಲ. ಗಾಳಿಯನ್ನೂ ಇರುವೆಯ ಜೊತೆ ಸೇರಿಸಿ ಹೊರಗಿಟ್ಟದ್ದು ಕೆಲಸದ ಅಚ್ಚುಕಟ್ಟುತನ, ಅಷ್ಟೆ.

ಮಧ್ಯಾಹ್ನ ತರಗತಿಗೆ ಮುಖಗಳು ಒಂದೊಂದಾಗಿ ಮೂಡಿದವು. ಶಿವಮೊಗ್ಗದ ಚೌಕದಲ್ಲಿ ಹುಡುಗಿಯ ಪಕ್ಕ ಅವಳ ಅತ್ತೆ ಕೂತಿದ್ದರು. ಕನ್ನಡಕ ಮೂಗಿನ ತುದಿಯಲ್ಲಿತ್ತು, ಕೈಕಟ್ಟಿಕೊಂಡು, ಪರೀಕ್ಷೆಗೆ ಬಂದ ಇನ್‌ಸ್ಪೆಕ್ಟರರ ಹಾಗೆ. ಹೆಂಡತಿ ಆರತಿಯನ್ನೇ ಎತ್ತಿಕೊಂಡಳು. ಬೇರೆ ಹಾಡಿನಿಂದ ಶುರು ಮಾಡಬಹುದಿತ್ತು. ಮಾಡಲಿಲ್ಲ. ಅವಳೂ ಹಟದವಳೇ.

ನಾನು ಮೇಜಿನ ಹಿಂದೆ, ಗೋಡೆಗೂ ಮೇಜಿಗೂ ನಡುವೆ ಮೊಣಕಾಲೂರಿ ಕೂತಿದ್ದೆ. ಯಾರಿಗೂ ಕಾಣದ ಜಾಗ, ಎದುರಿನ ಕಿಟಕಿಯ ಗಾಜಿನಲ್ಲಿ ಮಾತ್ರ ಪರದೆ ನನಗೆ ಕಾಣುತ್ತಿತ್ತು. ತೂತುಗಳ ಎದುರು ಅಂಗೈ ಹಿಡಿದಿದ್ದೆ. ಬೆಚ್ಚನೆಯ ಗಾಳಿ ಒಂದೇ ಸಮನೆ ಬರುತ್ತಿತ್ತು, ಮಲಗಿದ ಹಸುವಿನ ಮೂಗಿನೆದುರು ಕೈ ಹಿಡಿದ ಹಾಗೆ. ಹಾಡು ತಟ್ಟೆ ಎತ್ತುವ ಸಾಲಿಗೆ ಬಂತು. ಹೆಂಡತಿಯ ದನಿ ಬೇರೆ ಯಾರಿಗೂ ತಿಳಿಯದಷ್ಟು ನಡುಗಿತು, ನನಗೆ ತಿಳಿಯಿತು. ಗಾಳಿ ಬರುತ್ತಲೇ ಇತ್ತು. ಸಾಲು ದಾಟಿತು. ಮುಂದಿನದೂ ದಾಟಿತು. ಶಿವಮೊಗ್ಗದ ಅತ್ತೆ ಕಟ್ಟಿದ ಕೈ ಬಿಟ್ಟು ತಾವೂ ದನಿ ಸೇರಿಸಿದರು. ಅವರದು ಗಟ್ಟಿ ಗಂಟಲು, ಎಲ್ಲರಿಗಿಂತ ಒಂದು ಮೆಟ್ಟಿಲು ಹಿಂದೆ ಬರುತ್ತಿತ್ತು. ಯಾರೂ ಬೇಡವೆನ್ನಲಿಲ್ಲ. ಕೊನೆಯ ಸಾಲನ್ನು ಎಲ್ಲರೂ ಸೇರಿ ಹೇಳಿದರು, ಹೆಂಡತಿ ಪರದೆಗೆ ಕೈಮುಗಿದಳು. ಅಷ್ಟೂ ಮುಖಗಳು ಇವಳಿಗೆ ಕೈಮುಗಿದವು.

"ಮದುವೆಗೆ ನೀವೇ ಬರ್ಬೇಕು," ಎಂದರು ಅತ್ತೆ. "ಹಾಡಕ್ಕೆ. ಕರಿಯಕ್ಕೆ ನಾವೇ ಬರ್ತೀವಿ."

ಆಮೇಲೆ ಒಂದೆರಡು ಹಾಡು, ಗಂಡಿನ ಸೋದರಮಾವನ ಹೊಟ್ಟೆಯೂ ಕೊನೆ ಮುಟ್ಟಿತು. ತರಗತಿ ಮುಗಿಯಿತು. ಮುಗಿದ ಮೇಲೂ ಎಲ್ಲರೂ ಕೂತೇ ಇದ್ದರು. ಇವಳು ಕೈಬೀಸಿದಳು, ಅವರು ಕೈಬೀಸಿದರು, ಮತ್ತೆ ಇವಳು. ಯಾರೂ ಹೋಗಲಿಲ್ಲ. ಇಷ್ಟು ವಾರ ತರಗತಿ ತಾನಾಗಿಯೇ ಮುಗಿಯುತ್ತಿತ್ತಲ್ಲ, ಅದನ್ನು ಮುಗಿಸುವ ರೂಢಿ ಯಾರಿಗೂ ಇರಲಿಲ್ಲ.

ಹೆಂಡತಿ ಮುಖದ ನಗು ಕದಲಿಸದೆ, ತುಟಿಯ ಸಂದಿನಿಂದ ಪಿಸುಗುಟ್ಟಿದಳು: "ರೀ, ಇದನ್ನ ನಿಲ್ಸದು ಹೆಂಗೆ?"

ನಾನು ಮೇಜಿನ ಹಿಂದಿನಿಂದ ತಲೆ ಎತ್ತಿದೆ. ಪರದೆಯ ಮೇಲಿನ ಅಷ್ಟೂ ಮುಖಗಳಿಗೆ ನನ್ನ ತಲೆ ಕಂಡಿತು, ಹೊಟ್ಟು ಮೆತ್ತಿದ ಕೂದಲ ಸಮೇತ. ನಿಲ್ಲಿಸುವುದು ನನಗೂ ಗೊತ್ತಿರಲಿಲ್ಲ. ಗೋಡೆಯ ಸ್ವಿಚ್ಚನ್ನು ಹಾಗೇ ಆರಿಸಬಾರದೆಂದು ಬಾಮೈದ ಹೇಳಿದ್ದ. ಹಾಗಾದರೆ ಹೇಗೆ ಆರಿಸಬೇಕೆಂದು ನಾನು ಕೇಳಿರಲಿಲ್ಲ.

ಒಳಬಾಗಿಲಿಂದ ಅಮ್ಮನ ದನಿ ಬಂತು, ಶಿವಮೊಗ್ಗದವರೆಗೂ ಕೇಳುವ ಹಾಗೆ: "ಹಪ್ಪಳ ತರ್ಲನಾ?"

ಹೆಂಡತಿ ನಗಲು ಶುರು ಮಾಡಿದವಳು ನಿಲ್ಲಿಸಲಾರದೆ ಹೋದಳು. ಆ ಕಡೆಯವರಿಗೆ ಏನೆಂದು ತಿಳಿಯಲಿಲ್ಲ, ಆದರೂ ನಕ್ಕರು. ಕಣ್ಣೊರೆಸಿಕೊಂಡು, ಸೆರಗು ಸರಿಮಾಡಿಕೊಂಡು, ಅವಳು ಮತ್ತೆ ಪರದೆಯ ಕಡೆ ತಿರುಗಿ, "ಹಂಗಾರೆ ಇನ್ನೊಂದು ಹೇಳ್ಕೊಡ್ತೀನಿ, ಕೂತ್ಕಳಿ," ಎಂದಳು.